ಬರಬೇಡಿ ಎನ್ನಲು ಮರೆತದ್ದು ಒಬ್ಬರಿಗೆ

ದೇವರನ್ನು ನಂಬುವವಳು ನಾನು. ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕುಡಿದವಳಲ್ಲ. ಆದರೆ ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದೆ. ಹೋದವರು ಹೋದರು, ಅವರಿಗೆ ವರ್ಷಕ್ಕೊಂದು ತಿಥಿ, ನಮಗೆ ನಿತ್ಯದ ಕೆಲಸ ಎಂದುಕೊಂಡವಳು. ಈಗಲೂ ದೆವ್ವದ ಕಥೆ ಹೇಳಲು ಕೂತಿಲ್ಲ. ನಮ್ಮ ಮನೆಯಲ್ಲಿ ಹಾಡಹಗಲು ನಡೆದದ್ದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಲಾಕ್‌ಡೌನ್ ಆದ ಮೊದಲ ವರ್ಷ. ಆ ವೈಶಾಖದಲ್ಲಿ ನಮ್ಮ ಒಬ್ಬಳೇ ಮಗಳು ಸುಮನಾಳ ಮದುವೆ ನಿಶ್ಚಯವಾಗಿತ್ತು. ಹುಡುಗ ಸೀತೂರಿನ ಶ್ರೀಧರ. ಕೊಪ್ಪದಲ್ಲಿ ಛತ್ರ ಹಿಡಿದಿದ್ದೆವು. ನಮ್ಮದು ಜಯಪುರದ ಪೇಟೆ ಮನೆ. ಎದುರಿನ ಕೋಣೆಯಲ್ಲಿ ನಮ್ಮವರ ಮೋಟಾರ್ ರಿಪೇರಿ ಅಂಗಡಿ, ಹಿಂದೆ ನಮ್ಮ ವಾಸ.

ಮದುವೆಗೆ ಮೊದಲು ದೇವರನ್ನು ಕರೆದು, ಆಮೇಲೆ ಮುತ್ತೈದೆಯಾಗಿ ತೀರಿಕೊಂಡ ಮನೆಯ ಹೆಂಗಸನ್ನು ಕರೆಯುವುದು ನಮ್ಮಲ್ಲಿಯ ಕ್ರಮ. ಮಣೆ ಹಾಕಿ, ಅದರ ಮೇಲೆ ಎಲೆಅಡಿಕೆ, ಕುಂಕುಮ ಇಟ್ಟು, ಎದುರಿಗೆ ಕೂತವರಿಗೆ ಹೇಳಿದ ಹಾಗೆ ಬಾಯಿಬಿಟ್ಟು ಹೇಳಬೇಕು. ನಮ್ಮ ಅತ್ತೆ ತೀರಿಕೊಂಡಾಗ ಸುಮನಾ ಹೈಸ್ಕೂಲಿನಲ್ಲಿದ್ದಳು. ಅವಳನ್ನು ಎತ್ತಿ ಆಡಿಸಿದವರು, ಜಡೆ ಹೆಣೆದವರು ಅವರೇ. ನಾನು ಮಣೆಯ ಮುಂದೆ ಕೂತು, “ಅತ್ತೆ, ಮೊಮ್ಮಗಳ ಧಾರೆಗೆ ತಪ್ಪದೆ ಬನ್ನಿ” ಎಂದೆ. ಎಲ್ಲರೂ ಮಾಡುತ್ತಾರೆಂದು ನಾನೂ ಮಾಡಿದ್ದು, ಅಷ್ಟೇ.

ಆಮೇಲೆ ಎಲ್ಲ ನಿಂತುಹೋಯಿತು. ಬಸ್ಸಿಲ್ಲ, ತಾಲ್ಲೂಕಿನ ಗಡಿಯಲ್ಲಿ ಪೊಲೀಸರು, ಛತ್ರಕ್ಕೆ ಬೀಗ. ನಮ್ಮವರು ಫೋನು ಹಿಡಿದು ಕೂತು ಕರೆದವರಿಗೆಲ್ಲ ಬರಬೇಡಿ ಎಂದು ಹೇಳಿದರು. “ಕರೆಯೋದು ಸುಲಭ ಮಾರಾಯ್ತಿ, ಬೇಡ ಅನ್ನೋದೇ ಕಷ್ಟ. ಅರ್ಧ ಜನ ಖುಷಿಯಾದ್ರು, ಅದು ಇನ್ನೂ ಕಷ್ಟ” ಎಂದರು.

ನಾನು ಮೊದಮೊದಲು ಧೈರ್ಯವಾಗಿಯೇ ಇದ್ದೆ. ಮನೆಯಲ್ಲಿ ಅಕ್ಕಿ ಬೆಲ್ಲ ಇತ್ತು, ಸಿಲಿಂಡರ್ ತಡವಾಗದೆ ಬಂತು, ಯಾರಿಗೂ ಜ್ವರವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅಷ್ಟೂ ಇರಲಿಲ್ಲ. ಆದರೆ ಹುಡುಗನ ದೊಡ್ಡಪ್ಪ ಒಂದು ಮಾತು ತೆಗೆದರು: ಹಿಡಿದ ಮುಹೂರ್ತ ತಪ್ಪಿತೆಂದರೆ ಈ ಸಂಬಂಧ ದೇವರಿಗೇ ಇಷ್ಟವಿಲ್ಲ ಎಂದು. ಶ್ರೀಧರ ಅವರಿಗೆ ಏನೂ ಹೇಳದೆ, ಆ ಮಾತನ್ನು ಹಾಗೇ ತಂದು ಸುಮನಾಳಿಗೆ ಫೋನಿನಲ್ಲಿ ಒಪ್ಪಿಸಿದ. ಅವಳು ಊಟ ಬಿಟ್ಟಳು. ಮದುವೆಯಾಗಬೇಕಿದ್ದ ದಿನ ಬೆಳಿಗ್ಗೆ ನನ್ನ ಹತ್ತಿರ, “ದೊಡ್ಡಪ್ಪನ ಎದುರು ಬಾಯಿ ಬಿಡಕ್ಕಾಗದಿರೋರನ್ನ ಕಟ್ಕೊಂಡು ನಾ ಎಂತ ಮಾಡ್ಲಿ ಅಮ್ಮ? ಸಂಜೆ ಫೋನ್ ಮಾಡಿ ಬೇಡ ಅಂತೀನಿ” ಎಂದಳು. ಅಳು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಎಂತಾದರೂ ಆಗಲಿ, ಶುಭದಿನ ಎಂದು ಅವಳ ತಲೆಗೆ ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ ನಾನೇ ತಲೆಸ್ನಾನ ಮಾಡಿಸಿದೆ. ಕೂದಲು ನೀರಿನಲ್ಲಿ ಜಾಲಿಸಿ, ಕೈಬೆರಳಿನಿಂದ ಎಳೆ ಎಳೆ ಬಿಡಿಸಿದೆ. ಇದನ್ನು ದಯವಿಟ್ಟು ನೆನಪಿಡಿ.

ಮಧ್ಯಾಹ್ನ ಮನೆಯಲ್ಲಿದ್ದದ್ದು ನಾವು ಮೂವರೇ. ಸಾರು, ಸೌತೆಕಾಯಿ ಪಲ್ಯ, ಒಂದಿಷ್ಟು ಶಾವಿಗೆ ಪಾಯಸ ಮಾಡಿದ್ದೆ. ಬಾಳೆ ಎಲೆ ಹಾಕುವಾಗ ಕೈ ತಟ್ಟನೆ ನಿಂತಿತು. ಅತ್ತೆಗೆ ಬರಬೇಡಿ ಎಂದು ಹೇಳಿರಲಿಲ್ಲ. ಅಷ್ಟೂ ಜನರಿಗೆ ಹೇಳಿ, ಅವರೊಬ್ಬರಿಗೆ ಹೇಳುವುದು ಮರೆತಿತ್ತು. ಸುಮ್ಮನೆ ಇನ್ನೊಂದು ಎಲೆ ಹಾಕಿದೆ.

“ಇದು ಯಾರಿಗೆ?” ಎಂದರು ನಮ್ಮವರು.

“ಅತ್ತೆಗೆ. ಮದುವೆ ಇಲ್ಲ ಅನ್ನೋದು ಅವರಿಗೆ ಹೇಳ್ಲೇ ಇಲ್ಲ.”

“ಹೌದಾ? ನನ್ನ ಫೋನಿಗೆ ಅಲ್ಲಿ ಸಿಗ್ನಲ್ ಸಿಗಲ್ಲ ಕಣೆ” ಎಂದರು. ಸುಮನಾ ಎಷ್ಟೋ ದಿನದ ಮೇಲೆ ಸ್ವಲ್ಪ ನಕ್ಕಳು. ಅವಳು ಹೋಗಿ ಖಾಲಿ ಎಲೆಯ ಪಕ್ಕದಲ್ಲೇ ಕೂತಳು. ಮುಹೂರ್ತ ಇದ್ದದ್ದು ಅಭಿಜಿನ್ ಲಗ್ನಕ್ಕೆ, ಅಂದರೆ ನಡು ಮಧ್ಯಾಹ್ನ; ಸರಿಯಾಗಿ ಅದೇ ಹೊತ್ತು. ನಾಲ್ಕೂ ಎಲೆಗೆ ಬಡಿಸಿದೆ. ಮೂವರು ಉಂಡೆವು. ನಾಲ್ಕನೆಯ ಎಲೆಯ ಪಾಯಸ ಹಾಗೆಯೇ ಇತ್ತು. ಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ, ಯಾವ ಸದ್ದೂ ಆಗಲಿಲ್ಲ. ಎಂಥ ಪೆದ್ದಿ ನಾನು ಎಂದುಕೊಂಡು ಎಲೆ ತೆಗೆದೆ.

ಊಟವಾದ ಮೇಲೆ ಹಿತ್ತಲ ಮೆಟ್ಟಿಲಲ್ಲಿ ಕೂತು ಸುಮನಾಳ ಕೂದಲು ಬಾಚತೊಡಗಿದೆ. ಇನ್ನೂ ಬೇರು ಒದ್ದೆಯಿತ್ತು. ಬೈತಲೆ ತೆಗೆಯಲು ಬಾಚಣಿಗೆ ಎಳೆದಾಗ ನನ್ನ ಮಡಿಲಿಗೆ ಏನೋ ಉದುರಿತು. ನೋಡಿದರೆ ಅಕ್ಷತೆ. ಇನ್ನೊಮ್ಮೆ ಎಳೆದೆ, ಇನ್ನಷ್ಟು ಉದುರಿತು. ಧಾರೆಯಾದ ಹೆಣ್ಣಿನ ತಲೆಯಿಂದ ಉದುರುವ ಹಾಗೆ.

ಆ ದಿನ ನಾನು ಅಕ್ಷತೆ ಕಲಸಿರಲಿಲ್ಲ. ಕಲಸಲು ಮನಸ್ಸೇ ಬಂದಿರಲಿಲ್ಲ. ಮೇಲಾಗಿ, ನಾನು ಕಲಸುವುದು ಕುಂಕುಮದಲ್ಲಿ, ಕೆಂಪಗಿರುತ್ತದೆ. ಇದು ಹಳದಿ. ಮೂಸಿದರೆ ತುಪ್ಪದ ವಾಸನೆ. ಅರಿಸಿನಕ್ಕೆ ತುಪ್ಪ ಹಾಕಿ ಕಲಸುತ್ತಿದ್ದವರು ಅತ್ತೆ. ಅವರು ಕಾಲವಾದ ಮೇಲೆ ನಮ್ಮ ಮನೆಯಲ್ಲಿ ಆ ಬಣ್ಣದ ಅಕ್ಷತೆ ಆದದ್ದೇ ಇಲ್ಲ.

ಮಗಳಿಗೆ ಸಮಾಧಾನವಾಗಲೆಂದು ಅಪ್ಪನೇ ಹಾಕಿರಬಹುದು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಕರೆದು ಕೇಳಿದೆ. “ನಂಗೆ ಅನ್ನಕ್ಕೆ ಮಜ್ಜಿಗೆ ಕಲ್ಸಕ್ಕೇ ಸರಿ ಬರಲ್ಲ, ಅಕ್ಷತೆ ಎಲ್ಲಿಂದ ಕಲ್ಸಲಿ?” ಎಂದು ನಗುತ್ತಲೇ ಬಂದವರು, ನನ್ನ ಮಡಿಲು ನೋಡಿದರು. ಒಂದು ಕಾಳು ತೆಗೆದುಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಒಳಗೆ ಹೋಗಿ, ಅಂಗಿ ಕಳಚಿಟ್ಟು, ದೇವರ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ತಮಾಷೆ ಇಲ್ಲದ ಅವರ ಮುಖವನ್ನು ನಾನು ನೋಡಿದ್ದು ಅಪರೂಪ.

ಸುಮನಾ ಸಂಜೆಯವರೆಗೆ ಕಾಯಲಿಲ್ಲ. ಅಲ್ಲೇ ಮೆಟ್ಟಿಲಲ್ಲಿ ಕೂತು ಶ್ರೀಧರನಿಗೆ ಫೋನು ಮಾಡಿದಳು. “ಮುಹೂರ್ತ ತಪ್ಪಿಲ್ಲ. ನನ್ನ ತಲೆ ಮೇಲೆ ಅಕ್ಷತೆ ಬಿದ್ದಿದೆ. ನಿಮ್ಮ ದೊಡ್ಡಪ್ಪನಿಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?” ಎಂದಳು. ಅವನು “ನಾ ಹೇಳ್ತೀನಿ” ಎಂದನಂತೆ. ಹೇಳಿದ ಕೂಡ. ಮಳೆಗಾಲ ಕಳೆದ ಮೇಲೆ, ಸೀತೂರಿನ ಅವರ ಮನೆಯಂಗಳದಲ್ಲಿ ಕೆಲವೇ ಜನರ ಎದುರು ಮದುವೆಯಾಯಿತು. ಚೆನ್ನಾಗಿದ್ದಾರೆ.

ಆ ಕಾಳುಗಳನ್ನು ಸುಮನಾ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಎಲ್ಲಿಟ್ಟಳೋ ನಾನು ಕೇಳಿಲ್ಲ. ಕೇಳಿ, ತರಿಸಿ, ನೋಡಿ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ಏನೋ ಇರಬೇಕು, ನಮಗೆ ಹೊಳೆಯದ ಸುಲಭದ ಕಾರಣ ಎಂದು ಕೆಲವು ದಿನ ಅಂದುಕೊಳ್ಳುತ್ತೇನೆ. ಕೆಲವು ದಿನ ಆಗುವುದಿಲ್ಲ. ಅತ್ತೆ ಬಂದದ್ದು ನಿಜವೇ ಆಗಿದ್ದರೆ, ಮನೆಗೆ ಬಂದ ಹಿರಿಯರ ಕಾಲಿಗೆ ಬೀಳದೆ, ಒಂದು ಲೋಟ ನೀರು ಬೇಕೇ ಎಂದೂ ಕೇಳದೆ, ಎದುರಿನ ಎಲೆಯನ್ನು ನಾನೇ ಎತ್ತಿಬಿಟ್ಟೆ. ಈಗ ನಮಸ್ಕಾರ ಮಾಡೋಣವೆಂದರೆ, ಯಾವ ಕಡೆ ತಿರುಗಿ ಮಾಡಬೇಕೆಂದು ಗೊತ್ತಾಗುವುದಿಲ್ಲ.