ಪಟ್ಟೆ ಅಂಗಿ ಹೊಲಿದವರು

ಎಂಬತ್ತರ ದಶಕದ ಮೊದಲಲ್ಲಿ ನಾನು ಬಹರೈನಿನ ಮೀನಾ ಸಲ್ಮಾನ್ ಬಂದರಿನ ಹತ್ತಿರ, ಹಡಗು ರಿಪೇರಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಮ್ಯಾನೇಜರು ಇಂಗ್ಲೆಂಡಿನವರು. ಅವರ ಊರಿನ ಫುಟ್‌ಬಾಲ್ ಕ್ಲಬ್ಬು ನಾಲ್ಕನೇ ಡಿವಿಷನ್ನಿನಲ್ಲಿ ಒದ್ದಾಡುತ್ತಿತ್ತು. ಆದರೂ ಅವರು ಅದರ ಚರಿತ್ರೆ ಬರೆಯುತ್ತಿದ್ದರು. ಕೈಬರಹದ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು, "ಪುರುಸೊತ್ತಾದಾಗ ಸಾಕು" ಎನ್ನುತ್ತಿದ್ದರು.

ಆಫ್‌ಸೈಡ್ ಎಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಟೈಪ್ ಮಾಡುತ್ತಾ ಮಾಡುತ್ತಾ ಆ ಕ್ಲಬ್ಬು ಸೋತಲ್ಲೆಲ್ಲ ನನಗೂ ಬೇಸರವಾಗತೊಡಗಿತು.

ಅಂಗಿಗಳ ಅಧ್ಯಾಯದ ಜೊತೆ ತಂಡದ ಒಂದು ಹಳೆಯ ಫೋಟೋ ಬಂತು. ಕ್ಲಬ್ಬಿನ ಮೊದಲ ಪಟ್ಟೆ ಅಂಗಿಗಳನ್ನು ಲಂಡನ್ನಿನ ಕಾರ್ಖಾನೆಯಿಂದ ತರಿಸಿದ್ದು ಎಂದು ಅವರು ಬರೆದಿದ್ದರು. ಮದುವೆಗೆ ಮುಂಚೆ ಮಂಗಳೂರಿನಲ್ಲಿ ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ, ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋದವಳು ನಾನು. ಫೋಟೋದಲ್ಲಿ ಒಬ್ಬನ ಎದೆಯ ಮೇಲೆ ಐದು ಪಟ್ಟೆ, ಪಕ್ಕದವನಿಗೆ ಏಳು. ಕಾಲರು ಒಂದರಂತೆ ಒಂದಿಲ್ಲ.

"ಸರ್, ಇದು ಕಾರ್ಖಾನೆಯದ್ದಲ್ಲ," ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. "ಪಟ್ಟಿ ಕತ್ತರಿಸಿ ಜೋಡಿಸಿದ್ದು. ಮನೆಯಲ್ಲಿ ಹೊಲಿದದ್ದು. ಮೂರು ನಾಲ್ಕು ಜನರ ಕೈ ಉಂಟು."

ಅವರು ಭೂತಗನ್ನಡಿ ಹಿಡಿದು ನೋಡಿದರು. "ಚಿಕ್ಕಂದಿನಿಂದ ನೋಡಿದ ಫೋಟೋ. ಪಟ್ಟೆ ಎಣಿಸಿರಲಿಲ್ಲ," ಎಂದರು.

ಅದ್ಲಿಯಾ ಬಡಾವಣೆಯ ನಮ್ಮ ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು ತಲೆ ಚಚ್ಚಿಕೊಂಡರು. "ನಿಂಗೆ ಯಾಕೆ ಮಾರಾಯ್ತಿ? ಬರ್ದದ್ದನ್ನು ಟೈಪ್ ಮಾಡಿದ್ರೆ ಆಯ್ತಲ್ಲ. ಅವರ ಕ್ಲಬ್ಬು ಅವರಿಗೆ ಗೊತ್ತಿಲ್ವಾ?" ನನಗೂ ಒಳಗೊಳಗೇ ಹೆದರಿಕೆಯಾಯಿತು.

ಮ್ಯಾನೇಜರು ಊರಿಗೆ ಪತ್ರ ಬರೆದರು. ಎರಡು ತಿಂಗಳ ಮೇಲೆ, ಆ ಫೋಟೋದಲ್ಲಿದ್ದ ಆಟಗಾರನೊಬ್ಬನ ಮಗಳು, ಈಗ ಮುದುಕಿ, ಉತ್ತರ ಬರೆದಳು. ಅಂಗಿ ಹೊಲಿದದ್ದು ಅವಳ ತಾಯಿ ಮತ್ತು ನೆರೆಮನೆಯ ಮೂವರು ಹೆಂಗಸರಂತೆ, ಅಡುಗೆಮನೆಯಲ್ಲಿ ಕೂತು. ಬಿಳಿ ಬಟ್ಟೆ ಸಾಲದೆ ಬಂದಾಗ ಹಾಸಿಗೆಯ ಚಾದರ ಕತ್ತರಿಸಿದ್ದರಂತೆ.

ಮ್ಯಾನೇಜರು ನನ್ನ ಮೇಜಿನ ಬಳಿ ನಿಂತೇ ಪತ್ರ ಓದಿದರು. ಮರುದಿನ ಆ ಪುಟವನ್ನು ಹೊಸದಾಗಿ ಬರೆದು ತಂದರು. ನಾಲ್ವರು ಹೆಂಗಸರ ಹೆಸರೂ ಅದರಲ್ಲಿತ್ತು. ಕೆಳಗೆ ಇನ್ನೊಂದು ಸಾಲು: ಇದನ್ನು ಮೊದಲು ಕಂಡವರು ಬಹರೈನಿನ ನನ್ನ ಟೈಪಿಸ್ಟ್. ಪಕ್ಕದಲ್ಲಿ ನನ್ನ ಹೆಸರು, ನನ್ನಪ್ಪನ ಹೆಸರಿನ ಇನಿಷಿಯಲ್ ಸಮೇತ.

ನನ್ನ ಹೆಸರನ್ನು ನಾನೇ ಟೈಪ್ ಮಾಡಲು ಸ್ವಲ್ಪ ನಾಚಿಕೆಯಾಯಿತು. ಆದರೂ ಒಂದಕ್ಷರ ತಪ್ಪದಂತೆ ಮಾಡಿದೆ.

ಪುಸ್ತಕ ಅಚ್ಚಾಗಿ ಬಂದ ಮೇಲೆ ಗಂಡ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಒಮ್ಮೆ ಯಾರೋ ಕೇಳಿದರು, "ಆ ಕ್ಲಬ್ಬು ಗೆಲ್ತದಾ?"

"ಒಮ್ಮೊಮ್ಮೆ," ಎಂದೆ. "ನಮ್ಮವರು ಗೆಲ್ಲುವುದು ಸ್ವಲ್ಪ ಕಮ್ಮಿ."