ಇನ್ನೂರೆಂಟು ಆದಮೇಲೆ ಇನ್ನೂರಿಪ್ಪತ್ತೈದು

ಇದು 1982ರ ಮಾತು. ಆಗ ನನಗೆ ಇಪ್ಪತ್ತೊಂದು ವರ್ಷ. ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ಒಂದು ವರ್ಷವಾಗಿತ್ತು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಅದರಲ್ಲಿ ಮನಸ್ಸಿನ ಮಾತಿಗಿಂತ ಲೆಕ್ಕವೇ ಜಾಸ್ತಿ. ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ, ಬಸ್ಸು ಎಷ್ಟು ನಿಮಿಷ ತಡ, ತಿಂಗಳಲ್ಲಿ ಎಷ್ಟು ಪುಸ್ತಕ ಓದಿದೆ, ಎಲ್ಲ ಇರುತ್ತಿತ್ತು. ನಮ್ಮಣ್ಣ ನನ್ನನ್ನು 'ಜನಗಣತಿ' ಎಂದೇ ಕರೆಯುತ್ತಿದ್ದ.

ಆ ವರ್ಷ ಜುಲೈ 5ರಂದು ಶಾಲೆಯ ಲೈಬ್ರರಿಯ ಬೀರುವಿನಿಂದ ಒಂದು ಚಾರಿತ್ರಿಕ ಕಾದಂಬರಿ ತೆಗೆದುಕೊಂಡೆ. ಹಸಿರು ಕ್ಯಾಲಿಕೋ ಬಟ್ಟೆಯ ರಟ್ಟು, ದಪ್ಪ ಪುಸ್ತಕ. ಒಬ್ಬ ಪಾಳೆಯಗಾರ ಅರಸ, ಅವನ ಕೋಟೆ, ಕೋಟೆಗೆ ಬಿದ್ದ ಮುತ್ತಿಗೆ, ಇಷ್ಟೇ ಕಥೆ. ಆದರೆ ಹಿಡಿದರೆ ಬಿಡುವಂತಿರಲಿಲ್ಲ. ನಾಲ್ಕೇ ದಿನದಲ್ಲಿ ಮುಗಿಸಿದೆ. ಅದಕ್ಕೆ ಬೇರೆ ಹೆಸರಿದ್ದರೂ ನಮ್ಮ ಆಫೀಸಿನಲ್ಲಿ ಅದು 'ಕೋಟೆ ಪುಸ್ತಕ' ಎಂದೇ ಆಯಿತು.

ನಾನು ಊಟದ ಹೊತ್ತಿನಲ್ಲಿ ಕಥೆ ಹೇಳಿದ್ದೇ ತಡ, ಹೆಡ್ ಕ್ಲರ್ಕ್ ಶ್ರೀಕಂಠಯ್ಯನವರು ಪುಸ್ತಕ ಕಸಿದುಕೊಂಡರು. ಅವರಾದ ಮೇಲೆ ಚರಿತ್ರೆ ಪಾಠ ಮಾಡುವ ಸರೋಜಾ ಮೇಡಂ. ಲೈಬ್ರರಿ ಪುಸ್ತಕ ನನ್ನ ಹೆಸರಿನಲ್ಲಿ ಇದ್ದುದರಿಂದ ನಾನೊಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿದೆ. ತೆಗೆದುಕೊಂಡ ದಿನ, ಕೊಟ್ಟ ದಿನ, ಒಟ್ಟು ದಿನ, ಪುಟ, ಅಭಿಪ್ರಾಯ. ಶ್ರೀಕಂಠಯ್ಯನವರು ಜುಲೈ 9ರಿಂದ 16, ಎಂಟು ದಿನ. ಸರೋಜಾ ಮೇಡಂ 17ರಿಂದ 31, ಹದಿನೈದು ದಿನ. ಪುಸ್ತಕ ವಾಪಸು ಬಂದಾಗಲೆಲ್ಲ 'ಪುಟ 384, ಸರಿಯಿದೆ' ಎಂದು ಬರೆದು ಪಕ್ಕದಲ್ಲಿ ಒಂದು ಗುರುತು ಹಾಕುತ್ತಿದ್ದೆ.

ಅಭಿಪ್ರಾಯದ ಮನೆಯಲ್ಲಿ ಮೂವರದೂ ಒಂದೇ ಮಾತು. ಕೋಟೆಯ ಬಾಗಿಲು ಕಾಯುವ ಚೆನ್ನವೀರ ದ್ರೋಹಿ. ಮುತ್ತಿಗೆಯ ಕೊನೆಗೆ ಅವನು ಬೀಗದಕೈ ಗೊಂಚಲು ತೆಗೆದು ಬಾಗಿಲು ಹಾರುಹೊಡೆಯುತ್ತಾನೆ. ಶತ್ರುಗಳು ನುಗ್ಗುತ್ತಾರೆ. ಬೆಳಗಾದಾಗ ಅವನ ಹೆಣ ಬಾಗಿಲ ಬಳಿಯೇ ಬಿದ್ದಿರುತ್ತದೆ. ಊರಿನವರು ಅವನ ಹೆಸರಿಗೆ ಉಗಿಯುತ್ತಾರೆ, ಅವನ ಮನೆ ಕೆಡವುತ್ತಾರೆ. ಅರಸ ಮಾತ್ರ ಕೊನೆಯವರೆಗೂ ಅವನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

"ಬೀಗದಕೈ ಮಾರಿಕೊಂಡ ನಾಯಿ!" ಎಂದು ಶ್ರೀಕಂಠಯ್ಯನವರು ಮೊಸರನ್ನ ಕಲಸುತ್ತಲೇ ಬೈಯುತ್ತಿದ್ದರು.

"ಅರಸನ ಗಾಂಭೀರ್ಯ ನೋಡಿ. ದ್ರೋಹಿಯನ್ನೂ ನಿಂದಿಸಲ್ಲ," ಎನ್ನುತ್ತಿದ್ದರು ಸರೋಜಾ ಮೇಡಂ.

ಈ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಇನ್ನೊಬ್ಬರು ನಮ್ಮ ಆಯಾ ರತ್ನಮ್ಮ. ಶ್ರೀರಾಂಪುರದಿಂದ ನಡೆದೇ ಬರುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಗಂಟೆ ಹೊಡೆಯುವುದು, ಸರ್ಕ್ಯುಲರ್ ಒಯ್ಯುವುದು, ನಮಗೆ ಕುಡಿಯುವ ನೀರು ತುಂಬಿಡುವುದು ಅವರ ಕೆಲಸ. ಆರು ವರ್ಷದಿಂದ ಟೆಂಪರರಿ. ಒಂದು ದಿನ ನೀರಿನ ಹೂಜಿ ಇಡುತ್ತ ಕೇಳಿದರು, "ವಿಮಲಮ್ಮ, ಆ ಕೋಟೆ ಪುಸ್ತಕ ನಂಗೂ ಕೊಡ್ತೀರಾ?"

ಶ್ರೀಕಂಠಯ್ಯನವರು ಬಿಡುತ್ತಾರೆಯೇ? "ಓದಕ್ಕೋ ರತ್ನಮ್ಮ, ತಲೆದಿಂಬಿಗೋ?"

"ಮೊದ್ಲು ಓದ್ತೀನಿ ಸಾರ್. ನಿದ್ದೆ ಬಂದ್ರೆ ದಿಂಬು ಹೆಂಗೂ ಆಯ್ತದೆ."

ಆಗಸ್ಟ್ 2ರಂದು ಪುಸ್ತಕ ಅವರ ಕೈಗೆ ಹೋಯಿತು. ನಾಲ್ಕನೇ ಕ್ಲಾಸಿನವರೆಗೆ ಓದಿದವರು ಅವರು. ಸಂಜೆ ಶಾಲೆ ಬಿಟ್ಟ ಮೇಲೆ, ಬಾಗಿಲುಗಳಿಗೆ ಬೀಗ ಹಾಕುವ ತನಕ, ಮೆಟ್ಟಿಲ ಮೇಲೆ ಕೂತು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ತುಟಿ ಆಡುತ್ತಿತ್ತು. ಒಂದೊಂದು ಹಾಳೆ ತಿರುವುವ ಮುಂಚೆಯೂ ಬೆರಳು ಮೂಲೆಯ ಪುಟಸಂಖ್ಯೆಯ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ.

"ಇಪ್ಪತ್ತು ದಿನ ಆಯ್ತಲ್ಲಮ್ಮ! ಆ ಕೋಟೆ ಕಟ್ಟಕ್ಕೂ ಇಷ್ಟು ದಿನ ಹಿಡಿದಿರಲ್ಲ," ಎಂದು ಶ್ರೀಕಂಠಯ್ಯನವರು ದಿನಾ ರೇಗಿಸುತ್ತಿದ್ದರು.

ಆಗಸ್ಟ್ 25, ಬುಧವಾರ. ಇಪ್ಪತ್ನಾಲ್ಕನೆಯ ದಿನ. ನಾವು ಮೂವರೂ ಊಟಕ್ಕೆ ಕೂತಿದ್ದಾಗ ರತ್ನಮ್ಮ ಪುಸ್ತಕ ತಂದು ನನ್ನ ಮುಂದಿಟ್ಟರು. ನಾನು ನೋಟ್‌ಬುಕ್ ತೆಗೆದು, "ಹೇಳಿ ರತ್ನಮ್ಮ, ಚೆನ್ನವೀರ ದ್ರೋಹಿ ತಾನೆ?" ಎಂದೆ. ಅಭಿಪ್ರಾಯ ಬರೆಯಲು ಪೆನ್ನು ಸಿದ್ಧವಾಗಿತ್ತು.

"ಹೆಂಗೆ ಹೇಳೋದಮ್ಮ? ಮಧ್ಯ ಹಾಳೇನೇ ಇಲ್ಲ. ಇನ್ನೂರೆಂಟು ಆದ್ಮೇಲೆ ಇನ್ನೂರಿಪ್ಪತ್ತೈದು ಐತೆ. ಅವನು ಏನು ಮಾಡ್ದ ಅನ್ನೋ ಹಾಳೆಗಳೇ ಇಲ್ದೆ ಅವನ್ನ ಬೈಯೋದು ಹೆಂಗೆ?"

ಪುಸ್ತಕ ತೆಗೆದು ನೋಡಿದೆವು. ನಿಜ. ಹದಿನಾರು ಪುಟ ಇರಲಿಲ್ಲ.

ಆಗ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ನೋಟ್‌ಬುಕ್ಕಿನ ಗೆರೆಗಳ ಮೇಲೆ ಬೆರಳಾಡಿಸುತ್ತ, ಕ್ಲಾಸಿನಲ್ಲಿ ಹಾಜರಿ ಕೂಗುವವಳ ಹಾಗೆ ಗಟ್ಟಿಯಾಗಿ ಓದಿದೆ. "ಜುಲೈ 8, ಪುಟ 384, ಸರಿಯಿದೆ. ಜುಲೈ 16, 384, ಸರಿಯಿದೆ. ಜುಲೈ 31, 384, ಸರಿಯಿದೆ. ನಿಮ್ಮ ಕೈಗೆ ಬರೋವಾಗ ಸರಿಯಾಗಿತ್ತಲ್ಲ ರತ್ನಮ್ಮ?"

"ನಾನು ಓದಿದಾಗ ಎಲ್ಲ ಪುಟಾನೂ ಇತ್ತಪ್ಪ," ಎಂದರು ಶ್ರೀಕಂಠಯ್ಯನವರು.

"ಇಲ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?" ಎಂದರು ಸರೋಜಾ ಮೇಡಂ.

ರತ್ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಹಂಗಾದ್ರೆ ಆ ಹಾಳೆಗಳಲ್ಲಿ ಏನಿತ್ತು, ಹೇಳಿ ಸಾರ್."

"ಏನಿತ್ತು ಅಂದ್ರೆ... ಯುದ್ಧ ಇತ್ತಮ್ಮ. ಯುದ್ಧದ ಮಧ್ಯೆ ಇನ್ನೇನಿರತ್ತೆ?"

ಹಾಗೆಂದು ಶ್ರೀಕಂಠಯ್ಯನವರು ದನಿ ತಗ್ಗಿಸಿ ನನಗೆ ಹೇಳಿದರು, "ಶಾಲೆ ಪುಸ್ತಕ ನೋಡಿ. ಹೆಡ್‌ಮಿಸ್ಟ್ರೆಸ್‌ಗೆ ಹೇಳ್ಲೇಬೇಕಾಗತ್ತೆ. ಆ ಕಾಗದ ಬೇರೆ ಅವರ ಮೇಜಿನ ಮೇಲೇ ಇದೆ."

ಆ ಕಾಗದ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಟೈಪ್ ಮಾಡಿದವಳೇ ನಾನು. ರತ್ನಮ್ಮನ ಕೆಲಸ ಕಾಯಂ ಮಾಡಬೇಕೆಂದು ಆಡಳಿತ ಮಂಡಳಿಗೆ ಬರೆದ ಶಿಫಾರಸು ಅದು. ಅದರಲ್ಲಿ 'ಇವರು ಪ್ರಾಮಾಣಿಕರು, ಶಾಲೆಯ ವಸ್ತುಗಳನ್ನು ಜೋಪಾನ ಮಾಡುವವರು' ಎಂಬ ಸಾಲಿತ್ತು. ಹೆಡ್‌ಮಿಸ್ಟ್ರೆಸ್ ಇನ್ನೂ ಸಹಿ ಮಾಡಿರಲಿಲ್ಲ.

ದನಿ ತಗ್ಗಿಸಿದ್ದರೂ ಮಾತು ರತ್ನಮ್ಮನಿಗೆ ಕೇಳಿಸಿತ್ತು. "ನಿಮ್ಮ ಪುಸ್ತಕದಲ್ಲಿ ಹಂಗೇ ಬರ್ದಿದ್ರೆ ನಾನೇನು ಹೇಳ್ಲಮ್ಮ," ಎಂದಷ್ಟೇ ಹೇಳಿ ಖಾಲಿ ಹೂಜಿ ಎತ್ತಿಕೊಂಡು ಹೋದರು. ಎರಡು ನಿಮಿಷದಲ್ಲಿ ಗಂಟೆ ಹೊಡೆಯಿತು. ನನ್ನ ಗಡಿಯಾರದಲ್ಲಿ ಸರಿಯಾಗಿ ಒಂದೂವರೆ.

ಸಂಜೆ ಆರು ಗಂಟೆಗೆ ಮನೆಯಲ್ಲಿ ದಿನಚರಿ ಬರೆಯಲು ಕೂತೆ. 'ಕೋಟೆ ಪುಸ್ತಕದ 16 ಪುಟ ಕಳೆದಿದೆ' ಎಂದು ಬರೆದು, ಹಿಂದೆ ಈ ಪುಸ್ತಕದ ಬಗ್ಗೆ ಏನು ಬರೆದಿದ್ದೆ ನೋಡೋಣ ಎಂದು ಹಾಳೆ ತಿರುವಿದೆ. ಓದಿದ ಪ್ರತಿ ಪುಸ್ತಕದಿಂದ ಮೆಚ್ಚಿದ ಒಂದು ವಾಕ್ಯ ಬರೆದಿಡುವುದು ನನ್ನ ರೂಢಿ. ಜುಲೈ 8ರಲ್ಲಿ ನನ್ನದೇ ಗುಂಡು ಅಕ್ಷರ ಇತ್ತು.

'ಮೆಚ್ಚಿದ ವಾಕ್ಯ: ಚೆನ್ನವೀರ ಬೀಗದಕೈ ಗೊಂಚಲನ್ನು ಸೊಂಟದಿಂದ ತೆಗೆದು ಕೋಟೆಯ ಬಾಗಿಲನ್ನು ಹಾರುಹೊಡೆದ. ಪುಟ 208–225.'

ಮೂರು ಸಲ ಓದಿದೆ. ಒಂದು ವಾಕ್ಯ ಇನ್ನೂರೆಂಟನೇ ಪುಟದಲ್ಲಿ ಶುರುವಾಗಿ ಇನ್ನೂರಿಪ್ಪತ್ತೈದರಲ್ಲಿ ಮುಗಿಯುವುದು ಹೇಗೆ? ಎರಡು ಅಂಕಿಗಳನ್ನೂ ನನ್ನ ಕೈಯೇ ಬರೆದಿತ್ತು. ಬರೆದವಳು ನೋಡಿರಲಿಲ್ಲ. ಹದಿನಾರು ಪುಟ ಮೊದಲಿನಿಂದಲೇ ಇರಲಿಲ್ಲ. ಮುರಿದ ವಾಕ್ಯದ ಎರಡು ತುದಿಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿದ್ದವೆಂದರೆ ನಾವು ಮೂವರೂ ಎಡವದೆ ದಾಟಿಬಿಟ್ಟಿದ್ದೆವು. ಇನ್ನು 'ಪುಟ 384, ಸರಿಯಿದೆ' ಎಂದು ಮೂರು ಸಲ ಬರೆದೆನಲ್ಲ, ಅದು ಕೊನೆಯ ಹಾಳೆಯ ಮೇಲಿನ ಸಂಖ್ಯೆ. ನಾನು ಒಂದು ಸಲವೂ ಎಣಿಸಿರಲೇ ಇಲ್ಲ.

ಈ ದಿನಚರಿ ನಾನಲ್ಲದೆ ಯಾರೂ ನೋಡುವುದಿಲ್ಲ. ಸುಮ್ಮನಿದ್ದುಬಿಟ್ಟರೂ ನಡೆಯುತ್ತಿತ್ತು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಊಟ ಮುಗಿಸುವವರೆಗೂ ಇತ್ತು.

ಮಾರನೆಯ ದಿನ ಒಂಬತ್ತೂಕಾಲಿಗೇ ಶಾಲೆಗೆ ಹೋದೆ. ದಿನಚರಿಯನ್ನೇ ಕೈಯಲ್ಲಿ ಹಿಡಿದು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಗಿ ಜುಲೈ 8ರ ಹಾಳೆ ತೋರಿಸಿದೆ. ಅವರು ಪುಸ್ತಕವನ್ನು ಬಿಚ್ಚಿ ಹೊಲಿಗೆಯ ಹತ್ತಿರ ಬೆರಳಾಡಿಸಿ ನೋಡಿದರು. "ಹರಿದಿರೋದಲ್ಲ ಇದು. ಬೈಂಡ್ ಮಾಡೋವಾಗ ಹಾಕೇ ಇಲ್ಲ," ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀವು ಮೂರು ಜನ ಓದಿದವರು ಸೇರಿ ಓದಿದ್ದು ಇದನ್ನೇನಾ?" ಎಂದರು. ಆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಎದುರೇ ಸಹಿ ಹಾಕಿದರು.

ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದೆ. ಆರೋಪ ಎಲ್ಲರ ಮುಂದೆ ಮಾಡಿದ್ದೆನಲ್ಲ. "ರತ್ನಮ್ಮ, ತಪ್ಪು ನಂದು. ನಾನು ಎಣಿಸದೇ ಬರೆದಿದ್ದೆ. ಕ್ಷಮಿಸಿ."

ರತ್ನಮ್ಮ ಹೂಜಿ ಕೆಳಗಿಟ್ಟರು. ಆಮೇಲೆ, "ಪರೀಕ್ಷೆ ಟೈಮಲ್ಲಿ ಉತ್ತರಪತ್ರಿಕೆ ಕಟ್ಟು ಹೊರೋದು ನಾನಲ್ವಾ? 'ಎಣಿಸಿ ತಗೋ, ಎಣಿಸಿ ಕೊಡು' ಅಂತ ಹೇಳಿಕೊಟ್ಟವ್ರೆ. ಒಂದು ಹಾಳೆ ಹೋದ್ರೆ ಒಂದು ಮಗೂದು ಒಂದು ವರ್ಷ ಹೋಯ್ತದೆ. ಮೂಲೆ ನೋಡ್ದೆ ಹಾಳೆ ತಿರುವಕ್ಕೆ ನಂಗೆ ಬರಾಕಿಲ್ಲ," ಎಂದರು. ಅಷ್ಟು ಹೇಳಿ ಮತ್ತೆ ಕೇಳಿದರು, "ಅದ್ಸರಿ, ಆ ಹಾಳೆಗಳು ಎಲ್ಲಾನ ಸಿಕ್ತಾವಾ?"

ಹುಡುಕುವುದು ನನ್ನ ಪಾಲಿಗೆ ಬಂತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟೆ. ಮಲ್ಲೇಶ್ವರದಲ್ಲಿ ಎರಡು ಸರ್ಕ್ಯುಲೇಟಿಂಗ್ ಲೈಬ್ರರಿ, ಬಸವನಗುಡಿಯಲ್ಲಿ ಒಂದು, ಎಲ್ಲೂ ಇರಲಿಲ್ಲ. ನಾಲ್ಕನೆಯದು ಚಾಮರಾಜಪೇಟೆಯಲ್ಲಿ. ಅಲ್ಲಿ ಸಿಕ್ಕಿತು. ಕೌಂಟರಿನ ಮುಂದೆ ನಿಂತೇ ಮೊದಲಿಂದ ಕೊನೆಯವರೆಗೆ ಎಣಿಸತೊಡಗಿದೆ. ಅಂಗಡಿಯ ಯಜಮಾನರಿಗೆ ತಾಳ್ಮೆ ಕೆಟ್ಟಿತು. "ಏನಮ್ಮ, ಪುಸ್ತಕ ತಗೊಂಡು ಹೋಗಕ್ಕೆ ಬಂದ್ಯೋ, ಇಲ್ಲಾ ನನ್ನ ಅಂಗಡಿ ಸ್ಟಾಕು ಎಣಿಸಕ್ಕೆ ಬಂದ್ಯೋ?" ಎಂದರು. ನಾನು 384ರವರೆಗೂ ಎಣಿಸಿಯೇ ಬಾಡಿಗೆ ಹಣ ಕೊಟ್ಟೆ. ದಾರಿಯಲ್ಲಿ ಬಸ್ಸಿನಲ್ಲಿ ಓದಿಬಿಡುವ ಆಸೆ ಬಹಳವಾಯಿತು. ಓದಲಿಲ್ಲ. ಆ ಪುಟಗಳು ಇಲ್ಲವೆಂದು ಕಂಡುಹಿಡಿದವರು ಮೊದಲು ಓದಬೇಕು ಅನ್ನಿಸಿತು.

ಸೋಮವಾರ ಪುಸ್ತಕ ಕೊಟ್ಟಾಗ ರತ್ನಮ್ಮ, "ನಾನೊಬ್ಳೇ ಯಾಕೆ ಓದ್ಲಿ, ನೀವೂ ಓದಿಲ್ವಲ್ಲ," ಎಂದರು.

"ನೀವೇ ಜೋರಾಗಿ ಓದಿ. ನಾವು ಕೇಳ್ತೀವಿ," ಎಂದು ಸರೋಜಾ ಮೇಡಂ ತಮ್ಮ ಪಕ್ಕದ ಕುರ್ಚಿ ಎಳೆದರು. ರತ್ನಮ್ಮ ಆ ಮೇಜಿಗೆ ಕೂತದ್ದು ಅದೇ ಮೊದಲು.

ಅವರು ಇನ್ನೂರೆಂಟನೇ ಪುಟದ ಕೊನೆಯ ಸಾಲಿನಿಂದ ಹಿಡಿದರು. ಬೆರಳು ನಿಧಾನವಾಗಿ ಸರಿಯಿತು. "ಚೆನ್ನವೀರ... ಬೀಗದಕೈ ಗೊಂಚಲನ್ನು... ಸೊಂಟದಿಂದ ತೆಗೆದು..." ಎದುರು ಪುಟಕ್ಕೆ ಹೋಗುವ ಮುಂಚೆ ಮೂಲೆ ನೋಡಿದರು. ಎದುರಿನದು ಇನ್ನೂರೊಂಬತ್ತು ಹೌದೇ ಎಂದು ಮತ್ತೆ ನೋಡಿದರು. "ಅರಸನ... ಪಾದದ ಬಳಿ... ಇಟ್ಟ."

ಶ್ರೀಕಂಠಯ್ಯನವರು ಕೈತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

ಹದಿನಾರು ಪುಟಕ್ಕೆ ನಾಲ್ಕು ದಿನದ ಊಟದ ಬಿಡುವು ಹಿಡಿಯಿತು. ಒತ್ತಕ್ಷರಗಳಲ್ಲಿ ಅವರು ನಿಂತಾಗ ಮೊದಲ ದಿನ ಶ್ರೀಕಂಠಯ್ಯನವರು ಮುಂದಿನ ಪದ ಹೇಳಿಕೊಡಲು ಹೋದರು. ಸರೋಜಾ ಮೇಡಂ ಕೈಯೆತ್ತಿ ಸುಮ್ಮನಿರಿಸಿದರು. ಆಮೇಲೆ ಯಾರೂ ಅವಸರ ಮಾಡಲಿಲ್ಲ. ಕಥೆ ಹೀಗಿತ್ತು. ಶತ್ರುಗಳ ಕೈಯಲ್ಲಿ ಸಿಕ್ಕ ತನ್ನ ಮಗನನ್ನು ಬಿಡಿಸಿಕೊಳ್ಳಲು ಅರಸನೇ ಬಾಗಿಲು ತೆಗೆಯೆಂದು ಅಪ್ಪಣೆ ಮಾಡುತ್ತಾನೆ. ಚೆನ್ನವೀರ ಒಪ್ಪುವುದಿಲ್ಲ. ಬೀಗದಕೈಯನ್ನು ಅರಸನ ಪಾದದ ಬಳಿ ಇಟ್ಟು, ಬರಿಗೈಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಇನ್ನೂರಿಪ್ಪತ್ನಾಲ್ಕನೇ ಪುಟದ ಕೊನೆಗೆ ಅರಸ ಅವನನ್ನು ಪಕ್ಕಕ್ಕೆ ತಳ್ಳಿ, ತನ್ನ ಕೈಯಾರೆ...

ಉಳಿದದ್ದನ್ನು ನಾವು ನಾಲ್ವರೂ ಒಟ್ಟಿಗೆ ಹೇಳಿದೆವು. "ಕೋಟೆಯ ಬಾಗಿಲನ್ನು ಹಾರುಹೊಡೆದ."

ಶ್ರೀಕಂಠಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ ಚೆನ್ನವೀರ, ಎರಡು ತಿಂಗಳಿಂದ ನಿನ್ನ ನಾಯಿ ಅಂತ ಬೈಕೊಂಡು ಓಡಾಡಿದ್ನಲ್ಲಪ್ಪ!" ಎಂದರು. ಸರೋಜಾ ಮೇಡಂ ಅರಸನ ಗಾಂಭೀರ್ಯದ ಮಾತನ್ನು ಮತ್ತೆ ಎತ್ತಲಿಲ್ಲ.

ನಾನು ನೋಟ್‌ಬುಕ್ ತೆಗೆದು 'ಚೆನ್ನವೀರ ದ್ರೋಹಿ' ಎಂದು ಬರೆದಿದ್ದ ಮೂರು ಕಡೆಯೂ ಅಡ್ಡಗೆರೆ ಎಳೆದೆ. 'ಪುಟ 384, ಸರಿಯಿದೆ' ಎಂಬುದರ ಮೇಲೂ ಮೂರು ಗೆರೆ. ಪಕ್ಕದಲ್ಲಿ '368' ಎಂದು ಬರೆದು, 'ಎಣಿಸಿದವರು: ರತ್ನಮ್ಮ' ಎಂದು ಸೇರಿಸಿದೆ. ಅವರು ಬಗ್ಗಿ ನೋಡಿ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು.

"ಇನ್ನೂ ಬೇಜಾರಿದ್ಯಾ ರತ್ನಮ್ಮ?" ಎಂದು ಕೇಳಿದೆ.

"ಅವತ್ತು ಇತ್ತಮ್ಮ. ಈಗಿಲ್ಲ, ಬಿಡಿ. ನೀವೇ ಬರ್ದಿದ್ರಿ, ನೀವೇ ಹೊಡೆದುಹಾಕಿದ್ರಿ. ಚೆನ್ನವೀರಂಗೆ ಆ ಪುಣ್ಯಾನೂ ಇರಲಿಲ್ಲ."

ಇದಾಗಿ ಮೂರು ವರ್ಷವಾಯಿತು. ರತ್ನಮ್ಮ ಈಗ ಕಾಯಂ ಆಗಿದ್ದಾರೆ, ನಾನು ತಂದ ಪುಸ್ತಕಗಳ ಸರದಿಯಲ್ಲಿ ಅವರ ಹೆಸರೇ ಮೊದಲು. ನಾನು ಆ ವರ್ಷ ಓದಿದ ಪುಸ್ತಕ ನಲವತ್ತೊಂದು, ಕಳೆದ ವರ್ಷ ಓದಿದ್ದು ಹದಿನೇಳು. ಲೆಕ್ಕ ಇಳಿದಿದ್ದಕ್ಕೆ ಅಣ್ಣ ನಗುತ್ತಾನೆ. ಹಾಳೆ ತಿರುವುವ ಮುಂಚೆ ನನ್ನ ಬೆರಳು ಮೂಲೆಗೆ ಹೋಗಿ ನಿಲ್ಲುತ್ತದೆ ಎಂದು ಅವನಿಗೆ ಇನ್ನೂ ಹೇಳಿಲ್ಲ.