ಹೆಗಲ ಮೇಲಿನ ಹಸಿರು ಸೀರೆ

ನಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆ ಕಟ್ಟಿಕೊಡಲು ಎರಡು ವ್ಯವಸ್ಥೆಗಳಿವೆ. ಒಂದು, ಕೆಂಪು ಅಕ್ಷರದಲ್ಲಿ ‘ಮತ್ತೆ ಬನ್ನಿ’ ಎಂದು ಅಚ್ಚಾದ ಕೈಚೀಲ. ಇನ್ನೊಂದು, ಹಳೆಯ ಪೇಪರು ಮತ್ತು ದಾರ. ರಾಯಚೂರಿನ ದೊಡ್ಡ ದವಾಖಾನೆಗೆ ಹೋಗುವ ದಾರಿಯಲ್ಲೇ ಅಂಗಡಿ ಇರುವುದರಿಂದ ಎರಡೂ ಬೇಕಾಗುತ್ತವೆ. ಸತ್ತವರಿಗೆ ಬಟ್ಟೆ ಒಯ್ಯುವವರ ಕೈಗೆ ‘ಮತ್ತೆ ಬನ್ನಿ’ ಎಂಬ ಚೀಲ ಕೊಡಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ನಾನೂ ಇಪ್ಪತ್ತಾರು ವರ್ಷ ಮೀರಿಲ್ಲ, ಒಂದು ದಿನ ಬಿಟ್ಟು.

ಮನುಷ್ಯರನ್ನು ನೋಡಿದ ಕೂಡಲೇ ಅಳೆಯುತ್ತೇನೆ ಎಂದು ನನಗೊಂದು ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ. ಮಾನ್ವಿ, ಕಲ್ಲೂರಿನ ಕಡೆಯ ಹೆಣ್ಣುಮಕ್ಕಳು ಮೊದಲು ಅಂಚು ಹಿಡಿದು ನೋಡುತ್ತಾರೆ. ಶಕ್ತಿನಗರದವರು ಮಷಿನ್ನಿಗೆ ಹಾಕಿದರೆ ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತಾರೆ. ದೇವದುರ್ಗದ ಕಡೆಯವರು ಬಣ್ಣಕ್ಕಿಂತ ಮೊದಲು ಉದ್ದ ನೋಡುತ್ತಾರೆ, ಮೊಳ ಹಾಕಿಯೇ ನಂಬುತ್ತಾರೆ. ಇನ್ನು ನನ್ನ ದೊಡ್ಡ ವಿದ್ಯೆಯೆಂದರೆ ಸೀರೆಯನ್ನು ನನ್ನ ಹೆಗಲ ಮೇಲೆಯೇ ಹಾಕಿಕೊಂಡು ಸೆರಗು ಬಿಟ್ಟು ತೋರಿಸುವುದು. ಹೊಟ್ಟೆ ಇದೆ, ಮೀಸೆ ಇದೆ, ಆದರೂ ಈ ಊರಿನಲ್ಲಿ ನನ್ನಷ್ಟು ಸೀರೆಗಳ ಸೆರಗು ಹೊದ್ದ ಹೆಂಗಸು ಇರಲಾರಳು. ಗಿರಾಕಿ ನಕ್ಕರೆ ಅರ್ಧ ವ್ಯಾಪಾರ ಆದ ಹಾಗೆ.

ಒಮ್ಮೆ ಮಾಲೀಕರು ಹೈದರಾಬಾದಿನಿಂದ ಒಬ್ಬರನ್ನು ಕರೆಸಿ ನಮಗೆ ಮಾರಾಟದ ತರಬೇತಿ ಕೊಡಿಸಿದರು. ಗಿರಾಕಿಯ ಹೆಸರು ಕೇಳಿ, ಸಂಬಂಧ ಬೆಳೆಸಿ, ಮುಖ ನೋಡಿ ಮನಸ್ಸು ತಿಳಿಯಿರಿ ಎಂದು ಆತ ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದ. ಚಿತ್ರಗಳಲ್ಲಿದ್ದ ಗಿರಾಕಿಗಳೆಲ್ಲ ನಗುತ್ತಿದ್ದರು. ಹಳೆಯ ಪೇಪರಿನಲ್ಲಿ ಕಟ್ಟಿಸಿಕೊಳ್ಳುವ ಗಿರಾಕಿಯ ಚಿತ್ರ ಒಂದೂ ಇರಲಿಲ್ಲ. ಅಂಥವರನ್ನು ಗುರುತಿಸುವುದು ನಮಗೆ ಗೊತ್ತು. ಅವರು ಗಾದಿಯ ಮೇಲೆ ಕೂರುವುದಿಲ್ಲ, ಚಪ್ಪಲಿ ಬಿಡುವುದಿಲ್ಲ, ಬಟ್ಟೆ ಮುಟ್ಟಿ ನೋಡುವುದಿಲ್ಲ, ಚೌಕಾಶಿ ಮಾಡುವುದಿಲ್ಲ. ನಾವೂ ಮಡಿಕೆ ಬಿಚ್ಚುವುದಿಲ್ಲ. ಮೇಲಿನದೊಂದು ತೆಗೆದು, ಪೇಪರಿನಲ್ಲಿ ಕಟ್ಟಿ, ಸುಮ್ಮನೆ ಕೊಡುತ್ತೇವೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಲವತ್ತೈದರ ಆಸುಪಾಸಿನ ಒಬ್ಬರು ಬಂದು ಹೊಸ್ತಿಲ ಹತ್ತಿರವೇ ನಿಂತರು. “ಒಂದು ಹಸರು ಸೀರಿ ಕೊಡ್ರಿ, ಜಂಪರ್ ಪೀಸ್ ಕೂಡ,” ಅಂದರು. ನಮ್ಮ ಕಡೆ ಹಸಿರು ಸೀರೆಯನ್ನು ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವಾಗ ಉಡಿಸುತ್ತಾರೆ. ಗಂಡನಿಗಿಂತ ಮೊದಲು ತೀರಿಕೊಂಡವಳಿಗೂ ಉಡಿಸುತ್ತಾರೆ. ಬೆಳಗಿನಿಂದ ಬೋಣಿ ಆಗದ ನನಗೆ ಮೊದಲನೆಯದೊಂದೇ ನೆನಪಿಗೆ ಬಂತು.

“ಯಾರಿಗ್ರಿ, ಸೊಸಿಗೇನು?” ಅಂದೆ.

“ಇಲ್ರಿ. ನಮ್ಮ ಮನ್ಯಾಕಿಗೆ.”

ಹೆಂಡತಿಗೆ ತಾನೇ ಬಂದು ಸೀರೆ ಕೊಳ್ಳುವ ಗಂಡ ನಮ್ಮ ಜಿಲ್ಲೆಯಲ್ಲಿ ಅಪರೂಪ. ನನಗೆ ಹುರುಪು ಬಂತು. ನಾಲ್ಕು ಸೀರೆ ಬಿಚ್ಚಿ ಹಾಸಿದೆ. ಅದರಲ್ಲಿ ಗಿಣಿಹಸಿರಿನದನ್ನು ಹೆಗಲ ಮೇಲೆ ಹಾಕಿಕೊಂಡು, ಸೆರಗು ಹಿಡಿದು ಒಂದು ಸುತ್ತು ತಿರುಗಿದೆ. “ನನಗ ಇಷ್ಟು ಚಂದ ಕಾಣ್ತದಂದ್ರ, ಅವರಿಗೆ ಎಷ್ಟು ಕಾಣಬೇಕ್ರಿ,” ಅಂದೆ. ಅವರು ನಗಲಿಲ್ಲ. “ಅದ ಇರ್ಲಿ. ಗಾಡಿ ನಿಂತಾದ, ದೇವದುರ್ಗಕ್ಕ ಹೋಗಬೇಕು,” ಅಂದರು. ನಾನು ಸೀರೆಯನ್ನು ಕೈಚೀಲಕ್ಕೆ ಹಾಕಿ, “ಮನಿಯವರಿಗೆ ಬಣ್ಣ ಒಪ್ಪಲಿಲ್ಲ ಅಂದ್ರ ತಗೊಂಡು ಬರ್ರಿ, ಬದಲಿ ಕೊಡ್ತೀನಿ,” ಅಂದೆ.

“ಆಕಿ ಒಲ್ಲೆ ಅನ್ನಾಂಗಿಲ್ರಿ,” ಅಂದು ಅವರು ಹೊರಟರು. ನೀವು ಪುಣ್ಯವಂತರು ಎಂದು ಹಿಂದಿನಿಂದ ಕೂಗಿ ಹೇಳಿದ್ದೂ ನಾನೇ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮಹಿಬೂಬ ಚಾಚಾ ಅಷ್ಟು ಹೊತ್ತಿಗೆ ಚಹಾ ಕುಡಿದು ಒಳಗೆ ಬಂದರು. ಆತ ಹೊಸ್ತಿಲಲ್ಲಿ ಚಪ್ಪಲಿ ಬಿಡದೆ ನಿಂತದ್ದನ್ನೂ, ಬೀದಿಯ ಆಚೆ ಬಾಗಿಲು ಮುಚ್ಚಿ ನಿಂತಿದ್ದ ಬಿಳಿ ಆಂಬುಲೆನ್ಸನ್ನೂ, ಆತ ಚೀಲ ಹಿಡಿದು ಅದನ್ನು ಹತ್ತಿದ್ದನ್ನೂ ಅವರು ನೋಡಿದ್ದರು. ಬಿಚ್ಚಿ ಬಿದ್ದ ಸೀರೆಗಳನ್ನು ನೋಡಿ ಅವರ ಮುಖ ಇಳಿಯಿತು. “ಅಂವ ಚಪ್ಪಲಿ ಬಿಟ್ಟಿದ್ದಿಲ್ಲ. ನೋಡಲಿಲ್ಲೇನಪಾ?” ಅಂದರು. ನಾನು ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಜನರ ಮುಖ ಓದಿದವನು ಅವತ್ತು ಓದಿದ್ದು ನನ್ನ ಬೋಣಿಯನ್ನು ಮಾತ್ರ. ಸತ್ತ ಹೆಂಗಸಿಗೆ ಉಡಿಸುವ ಸೀರೆಯನ್ನು ಅವಳಿಗಿಂತ ಮೊದಲು ನಾನು ಹೊದ್ದು, ಅವಳ ಗಂಡನೆದುರು ಕುಣಿದಿದ್ದೆ.

ಅವತ್ತಿನಿಂದ ನಾನು ಹೆಗಲಿಗೆ ಸೀರೆ ಹಾಕುವುದನ್ನು ಬಿಟ್ಟೆ. ಯಾರಿಗೆ ಎಂದು ಕೇಳುವುದನ್ನೂ ಬಿಟ್ಟೆ. ಮದುವೆಯ ಜವಳಿಗೆ ಬಂದವರಿಗೂ ಮೇಲಿನದೊಂದು ತೆಗೆದು ಸುಮ್ಮನೆ ಮುಂದಿಟ್ಟರೆ ಅವರು ಪಕ್ಕದ ಅಂಗಡಿಗೆ ಹೋಗದೆ ಏನು ಮಾಡುತ್ತಾರೆ? ಮಾಲೀಕರು ಎರಡು ಸಲ ಕರೆದು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಆತನನ್ನು ಕಂಡು ತಪ್ಪಾಯಿತು ಎನ್ನಬೇಕು, ಅಷ್ಟಾಗುವವರೆಗೆ ಈ ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಭಾನುವಾರ ದೇವದುರ್ಗಕ್ಕೂ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೊಳೆಯಿತು, ಯಾರನ್ನು ಕೇಳುವುದು? ಸಂಬಂಧ ಬೆಳೆಸುವುದರಲ್ಲಿ ಗಟ್ಟಿಗನಾದ ನಾನು ಆತನ ಹೆಸರನ್ನೇ ಕೇಳಿರಲಿಲ್ಲ. ಒಂದು ಚಹಾ ಕುಡಿದು ಅದೇ ಬಸ್ಸಿನಲ್ಲಿ ಹಿಂದಿರುಗಿದೆ.

ಒಂಬತ್ತು ತಿಂಗಳಾದ ಮೇಲೆ ಅವರೇ ಬಂದರು. ಜೊತೆಗೆ ಇಪ್ಪತ್ತೆರಡರ ಮಗಳು. ಈ ಸಲ ಇಬ್ಬರೂ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತರು. ಆತನ ಕೈಯಲ್ಲಿ ನಮ್ಮದೇ ಚೀಲ, ಅಕ್ಷರ ಅರ್ಧ ಅಳಿಸಿತ್ತು. ನಾನು ಮೊದಲು ಹೆಸರು ಕೇಳಿದೆ. ದುರುಗಪ್ಪ ಅಂದರು. ಮಗಳಿಗೆ ಹಿರೇಕೊಟ್ನೆಕಲ್ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು, ಉಟ್ಟು ಹೋಗಲು ಒಂದು ಸೀರೆ ಬೇಕಾಗಿತ್ತು.

“ಅವತ್ತು ತಪ್ಪಾತ್ರಿ. ನನಗ ತಿಳೀಲಿಲ್ಲ,” ಅಂದೆ.

ದುರುಗಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. “ಸಿಟ್ಟು ಬಂದಿತ್ರಿ. ಬಾಯಿ ಮುಚ್ಚು ಅನ್ನಬೇಕಂತ ಮಾಡಿದ್ದೆ. ದವಾಖಾನ್ಯಾಗ ಎಲ್ಲಾರೂ ಆಕಿನ್ನ ಬಾಡಿ, ಬಾಡಿ ಅನ್ನಾಕತ್ತಿದ್ರು. ನೀವೊಬ್ರ ಆಕಿಗೆ ಬಣ್ಣ ಒಪ್ಪತದೋ ಇಲ್ಲೋ ಅಂತ ಕೇಳಿದ್ರಿ. ಅಷ್ಟೊತ್ತು ಆಕಿ ಮನ್ಯಾಗ ಕುಂತು ಸೀರಿ ದಾರಿ ಕಾಯಾಕತ್ಯಾಳ ಅನಿಸ್ತು. ಹೊರಗ ಬಂದು ಗಾಡಿ ಬಾಗಿಲ ತಗದೆ. ಆಕಿ ಮತ್ತೊಮ್ಮಿ ಸತ್ತಂಗಾತು.”

ಇದನ್ನು ಕ್ಷಮೆ ಎಂದು ತಿಳಿಯಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ತಲೆ ತಗ್ಗಿಸಿ ಒಂದು ತಿಳಿನೀಲಿ ಸೀರೆ ತೆಗೆದು, ಮಡಿಕೆ ಬಿಚ್ಚದೆ ಮುಂದಿಟ್ಟೆ.

“ಹಂಗಲ್ರಿ,” ಅಂದರು ದುರುಗಪ್ಪ. “ಅವತ್ತಿನಂಗ ಹಾಕ್ಕೊಂಡು ತೋರಿಸ್ರಿ. ಮಗಳು ನೋಡಲಿ.”

ಎದ್ದು ನಿಂತೆ. ಸೀರೆ ಹೆಗಲಿಗೆ ಹಾಕಿ ಸೆರಗು ಬಿಟ್ಟೆ. ತಿರುಗಲು ಧೈರ್ಯವಾಗಲಿಲ್ಲ. “ಬಣ್ಣ ಒಪ್ಪಲಿಲ್ಲ ಅಂದ್ರ ತಗೊಂಡು ಬರ್ರಿ, ಬದಲಿ ಕೊಡ್ತೀನಿ,” ಎಂದು ಮಗಳಿಗೆ ಹೇಳಿದೆ.

ಅವಳು ಬಾಯಿ ತೆರೆಯುವ ಮೊದಲೇ ದುರುಗಪ್ಪ, “ಒಪ್ಪ್ಯಾದ್ರಿ,” ಅಂದರು. ಆಮೇಲೆ, “ಅವತ್ತಿಂದೂ ಒಪ್ಪಿತ್ತು,” ಅಂದರು.

ನಾನು ಸೀರೆ ಇಳಿಸಿ ಮಡಿಸತೊಡಗಿದೆ. ಇಪ್ಪತ್ತಾರು ವರ್ಷದ ಕೈ, ಆದರೂ ಮಡಿಕೆ ಕೂರಲು ಬಹಳ ಹೊತ್ತು ಹಿಡಿಯಿತು.